ಮಲ್ಲಿಕಸಾಬ ಉಸ್ತಾದರ ಹೆಸರಿಗೆ ಬಿಟ್ಟ ಹಾಡು

ಅಕ್ಕಿಆಲೂರಿನಲ್ಲಿ ಗಾದಿ ಮಲ್ಲಿಕಸಾಬನ ಸಂಗಡ ಮಾತು ಬಿಟ್ಟವರೇ ಹೆಚ್ಚು. ಎದುರಿನ ಸ್ಪಂಜಿನ ಗಾದಿ ಅಂಗಡಿಯವನು ಬಿಟ್ಟಿದ್ದಾನೆ. ಸವಣೂರಿನಲ್ಲಿರುವ ಒಡಹುಟ್ಟಿದ ತಮ್ಮ ಬಿಟ್ಟಿದ್ದಾನೆ. ಮಗ್ಗುಲಿನ ಚಹಾದಂಗಡಿಯ ಶಂಭುಲಿಂಗ ಕೂಡ ಬಿಟ್ಟಿದ್ದಾನೆ. ದಿನಾಲೂ ಚಹಾ ಕುಡಿದು ಮುಗಿಸಿ, ಲೋಟ ಕೆಳಗಿಟ್ಟು, "ಇದಕ್ಕ ಹಾಲು ಹಾಕಿದ್ಯೋ, ಬರೇ ತೋರಿಸಿದ್ಯೋ?" ಎಂದು ಕೇಳುವ ಗಿರಾಕಿಯನ್ನು ಎಷ್ಟು ವರ್ಷ ಸಹಿಸಲಾದೀತು?

ಮಲ್ಲಿಕಸಾಬನದು ಅರಳೆ ಹಿಂಜುವ ಮನೆತನ. ಅಪ್ಪನ ಕಾಲದಲ್ಲಿ ಬಿಲ್ಲು ಇತ್ತು, ಈಗ ಯಂತ್ರ ಬಂದಿದೆ. ತಗಡಿನ ಶೆಡ್ಡು, ಒಳಗೆ ಸದಾ ಹಾರಾಡುವ ಅರಳೆಯ ಧೂಳು, ಆ ಧೂಳಿನಿಂದ ವಯಸ್ಸಿಗೆ ಮೊದಲೇ ಬೆಳ್ಳಗಾದಂತೆ ಕಾಣುವ ಹುಬ್ಬು. ಯಾರಾದರೂ ಬಂದು "ಸ್ಪಂಜಿನ ಗಾದಿ ಹಗುರ ಇರ್ತಾವಂತಲ್ರಿ" ಎಂದರೆ ಸಾಕು. "ಹೋಗ್ರಿ, ಅದರ ಮ್ಯಾಲ ಮಲಗ್ರಿ. ವರ್ಷ ಬಿಟ್ಟು ನಿಮ್ಮ ಸೊಂಟಾ ತಗೊಂಡು ಬರ್ರಿ, ಅದನ್ನೂ ಹಿಂಜಿ ಕೊಡ್ತೇನಿ" ಎಂದು ಬೆನ್ನು ತಿರುಗಿಸುತ್ತಾನೆ.

ಇಷ್ಟಾದರೂ ಊರು ಅವನನ್ನು ಬಿಟ್ಟಿರಲಿಲ್ಲ. ಮೊಹರಂ, ನಮ್ಮ ಕಡೆಯವರ ಬಾಯಲ್ಲಿ ಅಲಾವಿ ಹಬ್ಬ, ಬಂದಾಗ ಮಾತು ಬಿಟ್ಟವರೆಲ್ಲ ಮಸೂತಿಯ ಮುಂದೆ ಬಂದು ನಿಲ್ಲುತ್ತಿದ್ದರು. ಸುತ್ತಮುತ್ತ ಹತ್ತೂರಿನಲ್ಲಿ ಅವನಂತೆ ರಿವಾಯತ ಪದ ಎತ್ತುವವರು ಇರಲಿಲ್ಲ. ಕರ್ಬಲಾದ ಕಥೆಯನ್ನು ಕನ್ನಡದಲ್ಲಿ ಕಟ್ಟಿ, ಹಲಗಿ ವಾದ್ಯದ ಬಡಿತಕ್ಕೆ ಹೆಜ್ಜೆ ಹಾಕುತ್ತ ಹಾಡುವ ಪದಗಳವು. ಮುಂದೆ ಒಬ್ಬ ಎತ್ತುತ್ತಾನೆ. ಹಿಂದೆ ಮೇಳದವರು ಅದೇ ಸಾಲನ್ನು ಹಿಡಿದು ತಿರುಗಿ ಹಾಡುತ್ತಾರೆ. ಮಲ್ಲಿಕಸಾಬನ ಹಿಂದೆ ಹಲಗಿ ಹಿಡಿದು ಮೇಳ ನಡೆಸುವವನು ದ್ಯಾಮಪ್ಪ. ಒಕ್ಕಲುತನದ ಮನುಷ್ಯ, ಮಾತು ಕಡಿಮೆ. ಮಲ್ಲಿಕಸಾಬನ ಜೊತೆ ಇಷ್ಟು ವರ್ಷ ಮಾತು ಬಿಡದೆ ಉಳಿದ ಒಬ್ಬನೇ ಗೆಳೆಯ ಅವನು. ಮಾತೇ ಆಡದಿದ್ದರೆ ಬಿಡುವುದಾದರೂ ಏನನ್ನು?

ಈ ಪದಗಳಿಗೆ ಒಂದು ಕಟ್ಟಳೆ ಇದೆ. ಯಾವ ಮೇಳದವರಾದರೂ ಯಾರ ಪದವನ್ನಾದರೂ ಹಾಡಬಹುದು. ಕೇಳಬೇಕಿಲ್ಲ, ಏನೂ ಕೊಡಬೇಕಿಲ್ಲ. ಆದರೆ ಕೊನೆಯ ನುಡಿಯಲ್ಲಿ ಊರಿನ ಹೆಸರು, ಉಸ್ತಾದನ, ಅಂದರೆ ಪದ ಕಲಿಸಿದ ಗುರುವಿನ ಹೆಸರು ಇರುತ್ತದೆ. ಅದನ್ನು ಮಾತ್ರ ಯಾರೂ ಮುಟ್ಟುವಂತಿಲ್ಲ. ಶಿಷ್ಯನಾದವನು ತಾನೇ ಪದ ಕಟ್ಟಿದರೂ ಅದಕ್ಕೆ ಉಸ್ತಾದನ ಹೆಸರನ್ನೇ ಹಾಕಬೇಕು.

ಒಂದು ವರ್ಷ ಶಿಗ್ಗಾವಿ ಕಡೆಯ ಮೇಳವೊಂದು ಮಲ್ಲಿಕಸಾಬನ ಉಸ್ತಾದರ ಪದವನ್ನು ಹಾಡಿ, ಕೊನೆಯ ನುಡಿಯಲ್ಲಿ ಉಸ್ತಾದರ ಹೆಸರು ತೆಗೆದು ತಮ್ಮ ಊರಿನ ಹೆಸರು ಸೇರಿಸಿತು. ಮಲ್ಲಿಕಸಾಬ ಜನರನ್ನು ಸೀಳಿಕೊಂಡು ಹೋಗಿ ಅವರ ಹಲಗಿಯನ್ನೇ ಕಸಿದುಕೊಂಡ. "ಹೆಸರ ಕಡಿದವ್ರ ಕೈಯಾಗ ಹಲಗಿ ಇರಬಾರ್ದು" ಎಂದ. ಅವರು ಆ ನುಡಿಯನ್ನು ಸರಿಯಾಗಿ ಮತ್ತೊಮ್ಮೆ ಹಾಡುವ ತನಕ ಕೊಡಲಿಲ್ಲ. ಹಾಡಿದರು, ಹಲಗಿ ವಾಪಸ್ಸು ಹೋಯಿತು. ಕದ್ದವರ ಮುಖ ಎದುರಿಗಿತ್ತು, ಆದ್ದರಿಂದ ಜಗಳ ಅಲ್ಲಿಗೇ ಮುಗಿಯಿತು.

ಅವನ ಉಸ್ತಾದರು ಹಿರೇಕೆರೂರಿನ ಹಜರೇಸಾಬರು. ಕೊನೆಗಾಲದಲ್ಲಿ ಪಾರ್ಶ್ವವಾಯು ಬಡಿದು ನಾಲಿಗೆ ಬಿದ್ದುಹೋಗಿತ್ತು. ಅವರು ತೀರಿಕೊಂಡಾಗ ಮಲ್ಲಿಕಸಾಬ ಅಳಲಿಲ್ಲ. ಮಣ್ಣು ಕೊಟ್ಟು ಬಂದು ಅಂಗಡಿಯ ಯಂತ್ರ ಹಚ್ಚಿ, ಅದರ ಸದ್ದಿನೊಳಗೆ ಗುನುಗತೊಡಗಿದ. ಒಂದು ಪದ ಕಟ್ಟಿದ. ಕಾಳಗದಿಂದ ಸವಾರನಿಲ್ಲದೆ ಮರಳಿ ಬಂದ ಕುದುರೆಯನ್ನು ತಂಗಿ ಕೇಳುವ ಹಾಡು ಅದು.

ಬರಿ ಜೀನ ಹೊತ್ತ ಬಂದ್ಯಾ ಕುದುರಿ
ನಮ್ಮಣ್ಣನ ಯಾವ ಮಣ್ಣಾಗ ಬಿಟ್ಟ ಬಂದ್ಯಾ

ಚಾಳೀಸದ ಫಾತೆಯ ದಿನ, ಅಂದರೆ ಸತ್ತವರ ನಲವತ್ತನೆಯ ದಿನ, ಉಸ್ತಾದರ ಮನೆಯ ಅಂಗಳದಲ್ಲಿ ಸುತ್ತಲಿನ ನಾಲ್ಕು ತಾಲೂಕಿನ ಮೇಳದವರು ಕೂಡಿದ್ದಾಗ ಮಲ್ಲಿಕಸಾಬ ಅದನ್ನು ಮೊದಲ ಸಲ ಹಾಡಿದ. ಕೊನೆಗೆ ಹೀಗೆ ಇತ್ತು:

ಹಿರೇಕೆರೂರ ಊರಾಗ ಹಜರೇಸಾಬ ಉಸ್ತಾದ
ಕಟ್ಯಾರ ಈ ಪದ ಕಣ್ಣೀರಲೆ

"ಇದು ನಮ್ಮ ಉಸ್ತಾದರ ಪದ" ಎಂದು ಅಂದೇ ಹೇಳಿದ. ಅಲ್ಲಿಂದ ಮುಂದೆ ಎಲ್ಲಿ ಹಾಡಿದರೂ ಅದನ್ನೇ ಹೇಳಿ ಆರಂಭಿಸಿದ. ಯಂತ್ರದ ಸದ್ದಿನಲ್ಲಿ ಅದು ಹುಟ್ಟಿದ್ದನ್ನು ಕೇಳಿದವರು ಇಬ್ಬರೇ: ಗಾದಿಗೆ ಹೊಲಿಗೆ ಹಾಕುತ್ತ ಕುಳಿತಿದ್ದ ಮಗಳು ಶಬೀನಾ, ಬಾಗಿಲಲ್ಲಿ ಬೀಡಿ ಸೇದುತ್ತಿದ್ದ ದ್ಯಾಮಪ್ಪ.

ಶಬೀನಾ ಹಾನಗಲ್ ಕಾಲೇಜಿಗೆ ಹೋಗಿ ಬಿ.ಕಾಂ. ಮುಗಿಸಿ ಬಂದಳು. ಅಪ್ಪನ ಪದಗಳನ್ನು ಫೋನಿನಲ್ಲಿ ಹಿಡಿದು ತನ್ನದೊಂದು ಚಾನೆಲ್ಲಿಗೆ ಹಾಕತೊಡಗಿದಳು. ಮೊದಮೊದಲು ಅಪ್ಪ ಫೋನು ಕಂಡರೆ ಉರಿದುಬೀಳುತ್ತಿದ್ದ. ಆದರೆ ಕೊನೆಯ ನುಡಿ ಇಡಿಯಾಗಿ ಇರುವುದನ್ನು ಕೇಳಿ ಸುಮ್ಮನಾದ. ಕುದುರೆಯ ಹಾಡು ಹರಡಿತು. ಸವಣೂರಿನ ಹುಡುಗಿಯರು ಸ್ಟೇಟಸ್ ಇಟ್ಟರು, ರೀಲ್ಸ್ ಮಾಡಿದರು, ಹಾನಗಲ್ಲಿನ ಆಟೋಗಳಲ್ಲಿ ಅದು ಕೇಳಿಸಿತು, ಮೊಬೈಲ್ ಅಂಗಡಿಯವರು ಪೆನ್‌ಡ್ರೈವಿಗೆ ತುಂಬಿ ಮಾರಿದರು. "ಮಾರ್ಲಿ ಬಿಡು, ಹೆಸರ ಹಾಡ್ತದಲ್ಲ" ಎಂದ ಮಲ್ಲಿಕಸಾಬ. ಮಗಳಿಗೆ ಇದು ವಿಚಿತ್ರವೆನಿಸಲಿಲ್ಲ. ಅವಳು ಅದೇ ಕಟ್ಟಳೆಯಲ್ಲಿ ಬೆಳೆದವಳು.

ಹಬ್ಬಕ್ಕೆ ಎರಡು ತಿಂಗಳಿರುವಾಗ ಆ ವಿಡಿಯೋ ಇಲ್ಲವಾಯಿತು. ಅದಿದ್ದ ಜಾಗದಲ್ಲಿ ಕಪ್ಪು ಪರದೆ, ಅದರ ಮೇಲೆ ಒಂದು ಸಾಲು: ಈ ಹಾಡಿನ ಹಕ್ಕು ಬೇರೆಯವರದು. ಇನ್ನೆರಡು ಸಲ ಇಂಥ ದೂರು ಬಂದರೆ ಚಾನೆಲ್ಲೇ ಮುಚ್ಚುತ್ತದೆ ಎಂಬ ಎಚ್ಚರಿಕೆ ಬೇರೆ. ಸವಣೂರಿನ ಹುಡುಗಿಯರ ರೀಲ್ಸುಗಳೂ ಮೂಕವಾದವು. ಹಕ್ಕು ಕೇಳಿದ್ದು ಒಂದು ಆಡಿಯೋ ಕಂಪನಿ. ಅವರ ಚಾನೆಲ್ಲಿನಲ್ಲಿ ಅದೇ ಹಾಡು ಇತ್ತು. ಹಲಗಿಯ ಬದಲು ಕೀಬೋರ್ಡು, ಮಲ್ಲಿಕಸಾಬನ ಬದಲು ಕಪ್ಪು ಕನ್ನಡಕ ಹಾಕಿದ ಯುವಕ. ಹಾಡು ಕುದುರೆಯ ಕಣ್ಣೀರಿಗೆ ಬಂದು ನಿಂತುಬಿಡುತ್ತಿತ್ತು. ಕೊನೆಯ ನುಡಿ ಇರಲಿಲ್ಲ. ಕೆಳಗೆ ಸಣ್ಣದಾಗಿ, 'ಹಜರೇಸಾಬರ ಮೊಮ್ಮಗ ಜಾಹೀದ ಅವರ ಒಪ್ಪಿಗೆಯೊಂದಿಗೆ' ಎಂದಿತ್ತು.

ಮಲ್ಲಿಕಸಾಬ ಎರಡು ಸಲ ಕೇಳಿದ. ಮೂರನೆಯ ಸಲ ಫೋನನ್ನು ಅರಳೆಯ ರಾಶಿಗೆ ಎಸೆದ.

"ನಾವೂ ಎದುರ ದೂರು ಹಾಕಾಕ ಬರ್ತೈತಪ್ಪ" ಎಂದಳು ಶಬೀನಾ, ಅರಳೆಯಲ್ಲಿ ಕೈಯಾಡಿಸುತ್ತ. "ಹಾಡ ಯಾರ ಕಟ್ಟಿರ್ತಾರ, ಹಕ್ಕು ಅವರದ. ನೋಂದಣಿ ಮಾಡ್ಸಿರಬೇಕಂತನೂ ಇಲ್ಲ. 'ಈ ಹಾಡು ಕಟ್ಟಿದವನು ನಾನು' ಅಂತ ನೀ ಒಪ್ಪಿ ಬರದು ಕೊಡಬೇಕು, ಅಷ್ಟ."

"ನಾ ಕಟ್ಟಿದ್ದು ಅಂತ ಬರೀಬೇಕಾ?"

"ಹೂಂ."

"ಉಸ್ತಾದರು ಕಟ್ಟಿಲ್ಲ ಅಂತ?"

"ಹಂಗ ಆಗ್ತೈತಿ."

"ಬಾಯಿ ಮುಚ್ಚು. ಕಲಿಸಿದ್ದ ತಪ್ಪಾತು ನಿನ್ನ."

ಶಬೀನಾ ಅಪ್ಪನ ಮಗಳೇ, ಬಿಡಲಿಲ್ಲ. "ಕಳ್ಳರ ಮ್ಯಾಲ ಇಷ್ಟ ಸಿಟ್ಟು ಬರ್ತೈತಿ, ನಿನ್ನ ಫೋನಿನ್ಯಾಗ ಇರೂ ಸಿನಿಮಾ ಎಲ್ಲಾ ಎಲ್ಲಿಂದ ಬಂದಾವು? ಒಂದಕ್ಕರ ರೊಕ್ಕಾ ಕೊಟ್ಟೀಯೇನು?"

"ನೋಡೇನಿ. ನೋಡಿ, ಅದರಾಗಿನ ಹೀರೋನ ಹೆಸರ ಅಳಿಸಿ ಗಾದಿ ಮಲ್ಲಿಕಸಾಬ ಅಂತ ಬರ್ಕೊಂಡೇನೇನು?"

ಅವಳಿಗೆ ನಗು ಬಂತು. ಅವನಿಗೆ ಬರಲಿಲ್ಲ. ಮರುದಿನ ಯಂತ್ರ ನಿಲ್ಲಿಸಿ ಹಿರೇಕೆರೂರಿನ ಬಸ್ಸು ಹತ್ತಿದ. ಜಾಹೀದನಿಂದ ಒಂದು ಮಾತು ಹೇಳಿಸಿ ಕಂಪನಿಯಿಂದ ಹಾಡನ್ನು ಬಿಡಿಸಿಕೊಂಡು ಬರುವುದು, ಕೊನೆಯ ನುಡಿಯನ್ನು ಮತ್ತೆ ಕೂಡಿಸುವುದು, ಅವನ ಲೆಕ್ಕ ಅಷ್ಟೇ ಇತ್ತು.

ಜಾಹೀದ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ ಇಟ್ಟವನು, ಪದ ಹಾಡಿದವನಲ್ಲ. ಅಜ್ಜನ ಮನೆಯ ಪಡಸಾಲೆಯಲ್ಲಿ ಕುರ್ಚಿ ಎಳೆದು ಕೊಟ್ಟ. "ಕುಂದರ್ರಿ ಚಾಚಾ. ಚಹಾ ತಗೋತೀರಿ?"

"ನಿನ್ನ ಮನಿ ಚಹಾ ಕುಡ್ಯಾಕ ಬಂದಿಲ್ಲ. ಹಾಡ ಯಾಕ ಮಾರ್ಕೊಂಡಿ?"

"ನಮ್ಮ ಅಜ್ಜಾರ ಹಾಡ್ರಿ. ನಮಗ ಹಕ್ಕೈತಿ."

"ಅಜ್ಜಾರದಂತ ಯಾರ ಹೇಳಿದ್ರು?"

"ನೀವ ಹೇಳೀರಲ್ಲ!" ಜಾಹೀದನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ಹಾಡಿನ್ಯಾಗ ಐತಿ. ಪ್ರತಿ ಸಲ ಹಾಡೂ ಮುಂದ ಕೈ ಮುಗದು ಹೇಳ್ತೀರಿ. ನಿಮ್ಮ ಮಾತ ಕೇಳಿ ನಾ ಕಂಪನಿಗೆ ಬರದು ಕೊಟ್ಟೇನಿ. ಈಗ ನೋಡಿದ್ರ ನನ್ನ ಕಳ್ಳ ಅಂತೀರಿ. ನಿಮಗ ಹಾಡ ಬೇಕಿದ್ರ ಕಂಪನಿಯವರನ್ನ ಕೇಳಿ ಹಾಡ್ರಿ."

"ಕೇಳಿ ಹಾಡಬೇಕಾ ನಾನು? ಲೇ, ನಿನಗ ಆ ಹಾಡಿನ ಒಂದ ನುಡಿ ಬರ್ತೈತೇನು?"

"ಹೊಲದಾಗ ದುಡ್ಯಾಕ ಬರಲಿಲ್ಲಂದ್ರ ಅಜ್ಜನ ಹೊಲ ಮೊಮ್ಮಗಂದು ಆಗಂಗಿಲ್ಲೇನ್ರಿ?"

"ಹಂಗಾರ ಕಡೀ ನುಡಿ ಯಾಕ ಕಡಿದ್ರಿ? ನಿಮ್ಮಜ್ಜನ ಹೆಸರ ಬಂದ್ರ ನಿನಗ ನಾಚಿಕಿ ಬರ್ತೈತೇನು?"

"ಉದ್ದ ಆಗ್ತೈತಂತ್ರಿ. ಈಗಿನ ಮಂದಿ ಅಷ್ಟೊತ್ತ ಕೇಳಂಗಿಲ್ಲಂತ."

ಮಲ್ಲಿಕಸಾಬ ಎದ್ದು ನಿಂತ. ಕುರ್ಚಿ ಹಿಂದಕ್ಕೆ ಬಿತ್ತು. "ಕೇಳು. ಆ ಹಾಡ ನಾ ಕಟ್ಟಿದ್ದು. ನಿಮ್ಮಜ್ಜಾರು ಆಗಲೇ ಮಣ್ಣಾಗಿದ್ರು. ನಾ ಹೆಸರ ಕೊಟ್ಟೇನಿ. ಹಾಡ ಕೊಟ್ಟಿಲ್ಲ."

ಒಳಗಿನ ಕೋಣೆಯ ಪರದೆ ಸರಿಯಿತು. ಉಸ್ತಾದರ ಹೆಂಡತಿ ಕುಲಸುಮಬಿ ಗೋಡೆ ಹಿಡಿದುಕೊಂಡು ಬಂದಳು. ಮಲ್ಲಿಕಸಾಬ ಹುಡುಗನಾಗಿದ್ದಾಗ ರೊಟ್ಟಿ ಬಡಿದು ಹಾಕಿದ ಕೈ ಅದು.

"ಮಲ್ಲಿಕ್ಯಾ, ನನಗ ಗೊತ್ತಿಲ್ಲಂತ ತಿಳ್ಕೊಂಡೀಯೇನು?" ಎಂದಳು. "ನನ್ನ ಗಂಡ ನೀರ ಬೇಕಂದ್ರ ಕೈಲೆ ತೋರಿಸ್ತಿದ್ದ. ಅವ ಎಲ್ಲಿಂದ ಪದ ಕಟ್ಟಬೇಕು? ಅವತ್ತ ಗೊತ್ತಾಗೇತಿ ನನಗ, ನೀ ಕಟ್ಟಿದ್ದಂತ."

"ಹಂಗಾರ ನಿಮ್ಮ ಮೊಮ್ಮಗಗ ಹೇಳ್ರಿ ಅವ್ವಾರ."

"ನಾ ಹೇಳಂಗಿಲ್ಲ. ನಾಲ್ಕ ತಾಲೂಕಿನ ಮಂದಿ ಮುಂದ, ನನ್ನ ಗಂಡನ ಫಾತೆದಾಗ, ನನ್ನ ಅಂಗಳದಾಗ ನಿಂತ ಕೊಟ್ಟಿ. ಆಮ್ಯಾಲ ಮಂದಿ ಈ ಮನಿ ಮುಂದ ಹಾದು ಹೋಗೂ ಮುಂದ 'ಕುದುರಿ ಹಾಡಿನ ಹಜರೇಸಾಬರ ಮನಿ' ಅನ್ನಾಕತ್ರು. ಈಗ ಹೊಳ್ಳಿ ಇಸ್ಕೊಂಡು ಹೋಗಾಕ ಬಂದೀಯಾ? ಹೆಣದ ಮ್ಯಾಲ ಹೊಚ್ಚಿದ ಶಾಲು ಹೊಳ್ಳಿ ಕೇಳ್ತಾರೇನೋ ಯಾರರ?"

"ಶಾಲು ನಾ ಕೇಳಾಕತ್ತಿಲ್ಲ. ನಿಮ್ಮ ಮೊಮ್ಮಗ ಶಾಲು ಮಾರ್ಯಾನ. ಅದರ ಮ್ಯಾಲಿನ ಹೆಸರ ಬಿಚ್ಚಿ ಮಾರ್ಯಾನ."

ಕುಲಸುಮಬಿ ಮೊಮ್ಮಗನ ಕಡೆ ನೋಡಲಿಲ್ಲ. "ಅವ ನನ್ನ ರಕ್ತ. ನೀ ಹಾಡಿನವ. ನಡಿ ಇನ್ನ."

ಬಸ್ಸಿನಲ್ಲಿ ಬರುವಾಗ ಪಕ್ಕದ ಸೀಟಿನವನ ಫೋನಿನಿಂದ ಕೀಬೋರ್ಡಿನ ಕುದುರೆ ಹಾಡು ಬಂತು. ಮಲ್ಲಿಕಸಾಬ ಅವನನ್ನು ಬೈದ. ಅವನು ತಿರುಗಿ ಬೈದ. ಕಂಡಕ್ಟರ್ ಇಬ್ಬರನ್ನೂ ಬೈದ. ಮನೆಗೆ ಬಂದವನೇ ಮಗಳಿಗೆ ಒಂದೇ ಮಾತು ಹೇಳಿದ: "ಬರಿ. ನಾ ಕಟ್ಟಿದ್ದಂತ ಬರದು ಹಾಕು."

ಶಬೀನಾ ಹಾಕಿದಳು. ಸಾಕ್ಷಿಗೆ ದ್ಯಾಮಪ್ಪನ ಮಾತು ಬೇಕಿತ್ತು. ಅವನ ಹೊಲಕ್ಕೆ ಹೋಗಿ ಫೋನು ಹಿಡಿದಳು. ದ್ಯಾಮಪ್ಪ ಭತ್ತದ ಸಸಿಯ ಕಟ್ಟನ್ನು ಕೆಳಗಿಟ್ಟು ಹೇಳಿದ: "ಉಸ್ತಾದರ ಪದ ಅಲ್ಲ ಅಂತ ನನ್ನ ಬಾಯಿಲೆ ಹೇಳ್ಸಬ್ಯಾಡವಾ. ನಿಮ್ಮಪ್ಪಗ ಹೇಳು, ನಾ ಸುಳ್ಳನೂ ಹೇಳಂಗಿಲ್ಲ, ಖರೇನೂ ಹೇಳಂಗಿಲ್ಲ."

ಕಂಪನಿಯ ಉತ್ತರ ತಡವಾಗಲಿಲ್ಲ: ಹಾಡು ತಮ್ಮದೇ, ಬಿಡುವುದಿಲ್ಲ. ಉತ್ತರದ ಜೊತೆ ಒಂದು ತುಣುಕು ವಿಡಿಯೋ ಇತ್ತು, ಶಬೀನಾಳ ಚಾನೆಲ್ಲಿನದೇ. ಹಿಂದಿನ ವರ್ಷದ ಮೊಹರಮ್ಮಿನಲ್ಲಿ ಮಲ್ಲಿಕಸಾಬ ತಲೆಗೆ ಹಸಿರು ರುಮಾಲು ಸುತ್ತಿ, ಕೈ ಜೋಡಿಸಿ ಹೇಳುತ್ತಿದ್ದಾನೆ: "ಇದು ನಮ್ಮ ಉಸ್ತಾದರ ಪದ. ನಂದೇನೂ ಇಲ್ಲ ಇದರಾಗ." ಶಬೀನಾ ಅದನ್ನು ಅಪ್ಪನಿಗೆ ತೋರಿಸಿದಳು. ಅವನು ಆ ಸಲ ಫೋನು ಎಸೆಯಲಿಲ್ಲ. ಬಹಳ ಹೊತ್ತು ತನ್ನ ಮುಖವನ್ನೇ ನೋಡಿ, "ಯಾವನಪ್ಪಾ ಈ ಹುಚ್ಚ" ಎಂದ.

ಕಾನೂನು ಅವನ ಕಡೆಗಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ. ಕಟ್ಟಿದವನದೇ ಹಾಡು. ಆದರೆ ಕಟ್ಟಿದವನೇ ಊರೂರು ತಿರುಗಿ ನನ್ನದಲ್ಲ ಎಂದು ಸಾರಿದರೆ ಕಾನೂನು ಯಾರ ಮಾತು ಕೇಳಬೇಕು? ಈ ಪ್ರಶ್ನೆ ಕಂಪನಿಯವರನ್ನು ಕಾಡಲಿಲ್ಲ. ಅವರು ಕಡಿಯುವ ಕೆಲಸ ಮುಗಿಸಿದ್ದರು.

ಹಬ್ಬದ ಕೊನೆಯ ದಿನ ಮಧ್ಯಾಹ್ನ, ಮಸೂತಿಯಲ್ಲಿ ಕೂರಿಸಿದ ಪಂಜಾ ದೇವರು ಹೊಳೆಗೆ ಹೊರಡುವ ಮುಂಚೆ, ಮಸೂತಿಯ ಮುಂದೆ ಜನ ಕಿಕ್ಕಿರಿದಿದ್ದರು. ಎಲ್ಲರಿಗೂ ಜಗಳದ ಸುದ್ದಿ ಗೊತ್ತಿತ್ತು, ಎಲ್ಲರ ಕೈಯಲ್ಲೂ ಫೋನು ಇತ್ತು. "ಕುದುರಿ! ಕುದುರಿ!" ಎಂದು ಕೂಗಿದರು. ಯಾರೋ "ಕಂಪನಿ ಪರ್ಮಿಶನ್ ತಗೊಂಡೀರೇನ್ರಿ ಸಾಬ್ರ?" ಎಂದು ಕೂಗಿದ, ನಗೆ ಎದ್ದಿತು.

"ನಿಮ್ಮಪ್ಪನ ಪರ್ಮಿಶನ್ ತಗೊಂಡೇನಿ" ಎಂದ ಮಲ್ಲಿಕಸಾಬ. ಅವತ್ತು ಕೈ ಜೋಡಿಸಲಿಲ್ಲ, ಉಸ್ತಾದರ ಮಾತು ಎತ್ತಲಿಲ್ಲ. ನೇರವಾಗಿ ಹಾಡು ಎತ್ತಿದ.

ಹಾಗೆ ಅವನು ಎಂದೂ ಹಾಡಿರಲಿಲ್ಲ. ಮಾತು ಬಿಟ್ಟಿದ್ದ ಶಂಭುಲಿಂಗ ಚಹಾದ ಕೆಟಲು ಹಿಡಿದುಕೊಂಡೇ ಕಣ್ಣೊರೆಸಿಕೊಂಡ. ತಂಗಿ ಕೇಳಿದಳು, ಕುದುರೆ ತಲೆ ತಗ್ಗಿಸಿತು, ಬರಿಯ ಜೀನು ಅಂಗಳದಲ್ಲಿ ಉಳಿಯಿತು. ಕೊನೆಯ ನುಡಿ ಬಂತು. ಮಲ್ಲಿಕಸಾಬ ಹಾಡಿದ:

ಅಕ್ಕಿಆಲೂರ ಊರಾಗ ಗಾದಿ ಮಲ್ಲಿಕಸಾಬ
ಕಟ್ಯಾನ ಈ ಪದ ಕಣ್ಣೀರಲೆ

ಹಲಗಿ ನಿಲ್ಲಲಿಲ್ಲ. ಮೇಳ ಸಾಲನ್ನು ಹಿಡಿಯಬೇಕಾದ ಜಾಗದಲ್ಲಿ ದ್ಯಾಮಪ್ಪ ಗಂಟಲು ಏರಿಸಿದ: "ಹಿರೇಕೆರೂರ ಊರಾಗ ಹಜರೇಸಾಬ ಉಸ್ತಾದ." ಇಡೀ ಮೇಳ ಅವನ ಹಿಂದೆ ಹೋಯಿತು.

ಮಲ್ಲಿಕಸಾಬ ತಿರುಗಿ ನಿಂತು, ಅವರ ಮುಖದೆದುರಿಗೇ, ಮತ್ತೆ ತನ್ನ ಹೆಸರು ಹಾಡಿದ. ಮೇಳ ಮತ್ತೆ ಉಸ್ತಾದರ ಹೆಸರು ಹಾಡಿತು. ಹತ್ತು ಗಂಟಲಿನ ಮುಂದೆ ಒಂದು ಗಂಟಲು. ಅವನು ಹೋಗಿ ದ್ಯಾಮಪ್ಪನ ಕೈಯಲ್ಲಿದ್ದ ಹಲಗಿಗೆ ಕೈ ಹಾಕಿ ಎಳೆದ.

ದ್ಯಾಮಪ್ಪ ಬಿಡಲಿಲ್ಲ. ಮಾತು ಕಡಿಮೆಯವನು, ಅವತ್ತು ಎಲ್ಲರಿಗೂ ಕೇಳಿಸುವಂತೆ ಮಾತಾಡಿದ. "ಹೆಸರ ಕಡಿದವ್ರ ಕೈಯಾಗ ಹಲಗಿ ಇರಬಾರ್ದಂತ ನೀನ ಹೇಳಿದ್ದು. ಇವತ್ತ ಹೆಸರ ಕಡಿದವ್ರು ಯಾರು ಹೇಳು, ಬಿಡ್ತೇನಿ."

ಹಲಗಿಯ ಒಂದು ಬದಿ ಒಬ್ಬನ ಕೈಯಲ್ಲಿ, ಇನ್ನೊಂದು ಬದಿ ಇನ್ನೊಬ್ಬನ ಕೈಯಲ್ಲಿ. ಸುತ್ತಲೂ ಎತ್ತಿದ ಫೋನುಗಳು. ಕೊನೆಗೆ ಮಲ್ಲಿಕಸಾಬನೇ ಕೈ ಬಿಟ್ಟ. ರುಮಾಲು ಬಿಚ್ಚಿ ಮುಖ ಒರೆಸಿಕೊಂಡು, ದೇವರು ಹೊಳೆಗೆ ಹೋಗುವುದನ್ನೂ ನೋಡದೆ ಮನೆಗೆ ನಡೆದ.

ಆ ಜಗಳದ ವಿಡಿಯೋವನ್ನು ಎಷ್ಟೋ ಜನ ಹಾಕಿದರು. ಸಂಜೆಯೊಳಗೆ ಅವಕ್ಕೆಲ್ಲ ಕಂಪನಿಯ ದೂರು ತಗುಲಿತು. ಹಾಡಿನ ಕೊನೆಗೆ ಯಾರ ಹೆಸರಿದೆ ಎಂಬುದು ಹಾಡು ಪತ್ತೆ ಹಚ್ಚಿ ದೂರು ಹಾಕುವ ಯಂತ್ರಕ್ಕೆ ಬೇಕಿರಲಿಲ್ಲ. ಧಾಟಿ ಸಿಕ್ಕರೆ ಸಾಕಿತ್ತು. ಈಗ ನೋಡಿದರೆ ಆ ವಿಡಿಯೋಗಳಲ್ಲಿ ಸದ್ದಿಲ್ಲ. ಇಬ್ಬರು ಮುದುಕರು ಬಾಯಿ ತೆರೆದು ಮುಚ್ಚುತ್ತ ಒಂದು ಹಲಗಿಯನ್ನು ಅತ್ತಿತ್ತ ಎಳೆದಾಡುತ್ತಾರೆ, ಅಷ್ಟೇ.

ದ್ಯಾಮಪ್ಪನೂ ಮಾತು ಬಿಟ್ಟ. ಮೇಳದವರು ಮಾತ್ರ ಒಮ್ಮೆ ಅಂಗಡಿಗೆ ಬಂದು, "ಬರೂ ವರ್ಷ ಹ್ಯಾಂಗ್ರಿ?" ಎಂದು ಕೇಳಿದರು. "ಜಾಹೀದನ್ನ ಕರ್ಕೊಂಡ ಬರ್ರಿ. ಹಕ್ಕಿನವ ಹಾಡ್ಲಿ" ಎಂದು ಮಲ್ಲಿಕಸಾಬ ಯಂತ್ರ ಹಚ್ಚಿದ.

ಕುದುರೆಯ ಹಾಡನ್ನು ಅವನು ಮತ್ತೆ ಎತ್ತಲಿಲ್ಲ. ಆ ಮಳೆಗಾಲದಲ್ಲಿ ಒಂದು ಹೊಸ ಪದ ಕಟ್ಟಿದ. ಅದರಲ್ಲಿ ಕೊನೆಯ ನುಡಿ ಕಡಿದರೂ ಏನೂ ಆಗದು. ಮೊದಲ ನುಡಿಯಲ್ಲಿ ಗಾದಿ ಮಲ್ಲಿಕಸಾಬ ಇದ್ದಾನೆ, ಎರಡನೆಯದರಲ್ಲಿ ಇದ್ದಾನೆ, ನಡುವೆ ಇದ್ದಾನೆ, ಕರ್ಬಲಾದ ಮರಳಿನಲ್ಲೂ ಗಾದಿ ಮಲ್ಲಿಕಸಾಬ ನಿಂತಿದ್ದಾನೆ. ಯಾವ ಸಾಲು ಕತ್ತರಿಸಿದರೂ ಅವನ ಹೆಸರು ಒಂದಿಷ್ಟು ಉಳಿಯುತ್ತದೆ. ಶಬೀನಾ ಕೇಳಿ ಚಾನೆಲ್ಲಿಗೆ ಹಾಕಿದಳು. ದೂರು ಬರಲಿಲ್ಲ. ಸ್ಟೇಟಸ್ಸಿಗೂ ಯಾರೂ ಇಡಲಿಲ್ಲ.

"ಯಾರರ ಕದ್ರೇನು?" ಎಂದು ಅಪ್ಪ ಕೇಳುತ್ತಾನೆ.

"ಇಲ್ಲಪ್ಪ."

"ನೋಡು ಸರಿಯಾಗಿ."

"ನೋಡೇನಿ. ಯಾರೂ ಮುಟ್ಟಿಲ್ಲ."

ಮೊನ್ನೆ ಸಂತೆಯ ದಿನ ಮಲ್ಲಿಕಸಾಬ ತನ್ನ ಶೆಡ್ಡಿನಲ್ಲಿ ಆ ಪದವನ್ನು ಫೋನಿನಲ್ಲಿ ದೊಡ್ಡದಾಗಿ ಹಚ್ಚಿ, ಬಾಗಿಲಿಗೆ ಬಂದು ನಿಂತಿದ್ದ. ಮಗ್ಗುಲಿನ ಅಂಗಡಿಯಿಂದ ಶಂಭುಲಿಂಗ ಪೂರ್ತಿ ಕೇಳಿದ. ಆಮೇಲೆ, ವರ್ಷಗಳ ಮೌನ ಮುರಿದು, ಸಂತೆಯ ಜನಕ್ಕೆಲ್ಲ ಕೇಳಿಸುವಂತೆ ಕೂಗಿದ:

"ಸಾಬ್ರ, ಇದಕ್ಕ ಪದಾ ಹಾಕೀರೋ, ಬರೇ ತೋರಿಸೀರೋ?"

ಮಲ್ಲಿಕಸಾಬ ಒಳಗೆ ಹೋಗಿ ಫೋನು ಆರಿಸಿ, ಯಂತ್ರಕ್ಕೆ ಅರಳೆ ತುರುಕಿದ.